ಔಷಧವು ರೋಗದ ವೇಷವನ್ನು ಧರಿಸಿದಾಗ

ಔಷಧವೆಂದರೆ ರೋಗವನ್ನು ಕಳೆಯತಕ್ಕ ವಸ್ತು ಎಂಬುದು ಲೋಕರೂಢಿ. ಅದರಿಂದ ಒಮ್ಮೊಮ್ಮೆ ತುರಿಕೆ, ವಾಂತಿ, ಭೇದಿ ಮೊದಲಾದ ಉಪದ್ರವಗಳು ತಲೆದೋರುವುದನ್ನೂ ಜನರು ಬಲ್ಲರು. ಆದರೆ ಯಾವ ರೋಗವನ್ನು ಗೆದ್ದುದಕ್ಕಾಗಿ ಒಂದು ವರ್ಗದ ಔಷಧಗಳು ಲೋಕವಿಖ್ಯಾತವಾದುವೋ, ಅದೇ ರೋಗದ ಲಕ್ಷಣಗಳನ್ನೆಲ್ಲ ಅದೇ ವರ್ಗದ ಔಷಧವು ಆರೋಗ್ಯವಂತರಲ್ಲಿ ಉಂಟುಮಾಡಬಲ್ಲುದೆಂದರೆ ನಂಬುವುದು ಕಷ್ಟ. ಮೆನಿಂಜೈಟಿಸ್ ಎಂದು ವೈದ್ಯರು ಕರೆಯುವ ಮಿದುಳುಪೊರೆಯ ಉರಿಯೂತದ ವಿಷಯದಲ್ಲಿ ಈ ವಿಚಿತ್ರ ನಡೆದಿದೆ. ಇಂದಿಗೂ ಆಗೊಮ್ಮೆ ಈಗೊಮ್ಮೆ ನಡೆಯುತ್ತಿದೆ. ಅದು ಅತಿ ವಿರಳವೆಂಬುದನ್ನು ಮೊದಲಿಗೇ ಹೇಳಿಬಿಡಬೇಕು. ಅತಿ ವಿರಳವಾದುದನ್ನು ಕುರಿತು ಇಷ್ಟು ದೀರ್ಘವಾಗಿ ಬರೆಯುವುದೇಕೆಂದು ವಾಚಕರು ಕೇಳಬಹುದು. ವಿರಳವಾದುದನ್ನು ಹೇಗೆ ಕಾಣಬೇಕು, ಹೇಗೆ ಎಣಿಸಬೇಕು, ಎಷ್ಟರಮಟ್ಟಿಗೆ ಅಂಜಬೇಕು ಎಂಬುದನ್ನು ನಮ್ಮ ಶಾಲೆ ಕಾಲೇಜುಗಳು ಕಲಿಸುತ್ತಿಲ್ಲವೆಂಬುದೇ ನನ್ನ ಆಕ್ಷೇಪಣೆ. ಆ ಕಲಿಕೆಯ ಕೊರತೆಯ ಬೆಲೆಯನ್ನು ಕೆಲವರು ತಮ್ಮ ದೇಹದಿಂದಲೇ ತೆರಬೇಕಾಗುತ್ತದೆ.

ಮೊದಲು ರೋಗದ ಸ್ಥಾನವನ್ನು ತಿಳಿಯೋಣ. ನಮ್ಮ ಮಿದುಳನ್ನೂ ಮಿದುಳುಬಳ್ಳಿಯನ್ನೂ ಮೂರು ಪೊರೆಗಳು ಸುತ್ತುವರಿದಿವೆ. ಒಳಗಿನ ಎರಡು ಪೊರೆಗಳ ನಡುವೆ ತಿಳಿನೀರಿನಂತಹ ದ್ರವವೊಂದು ತುಂಬಿಕೊಂಡಿರುತ್ತದೆ. ವಯಸ್ಕರಲ್ಲಿ ಇದರ ಪ್ರಮಾಣ ಸುಮಾರು 150 ಮಿಲಿಲೀಟರು. ಒಂದು ದಿನದಲ್ಲಿ ಸುಮಾರು 500 ಮಿಲಿಲೀಟರಿನಷ್ಟು ದ್ರವ ಹೊಸದಾಗಿ ಉತ್ಪತ್ತಿಯಾಗುವುದರಿಂದ, ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚಾಗಿ ಈ ಕೊಳದ ನೀರು ಬದಲಾದಂತಾಗುತ್ತದೆ. ಮಿದುಳು ಈ ದ್ರವದಲ್ಲಿ ತೇಲುತ್ತಿರುವುದರಿಂದಲೇ ತನ್ನ ಭಾರಕ್ಕೆ ತಾನೇ ನಲುಗದೆ ಉಳಿದಿದೆ. ಆರ್ಕಿಮಿಡೀಸನ ತತ್ವಕ್ಕೆ ಇದಕ್ಕಿಂತ ಆಪ್ತವಾದ ಉದಾಹರಣೆ ದೊರೆಯಲಾರದು. ಆರೋಗ್ಯವಂತರಲ್ಲಿ ಈ ದ್ರವ ಬಹಳ ಶುಭ್ರವಾದುದು. ಒಂದು ಘನ ಮಿಲಿಮೀಟರಿನಲ್ಲಿ ಐದಕ್ಕಿಂತ ಹೆಚ್ಚು ಬಿಳಿಯ ರಕ್ತಕಣಗಳು ಇರುವುದಿಲ್ಲ. ರಕ್ತದಲ್ಲಾದರೋ ಅದೇ ಗಾತ್ರದಲ್ಲಿ ಅವು ಸಾವಿರಗಟ್ಟಲೆ ಇರುತ್ತವೆ.

ಪೊರೆಗಳು ಊದಿಕೊಂಡಾಗ ಈ ಶಾಂತ ಕೊಳ ಕದಡುತ್ತದೆ. ಜ್ವರ, ತೀವ್ರವಾದ ತಲೆನೋವು, ವಾಂತಿ, ಬೆಳಕನ್ನು ಸಹಿಸಲಾರದಿರುವುದು, ಗಲ್ಲವನ್ನು ಎದೆಗೆ ಮುಟ್ಟಿಸಲಾಗದಷ್ಟು ಕತ್ತು ಬಿಗಿದುಕೊಳ್ಳುವುದು, ಕೆಲವೊಮ್ಮೆ ಪ್ರಜ್ಞೆ ಮಸುಕಾಗುವುದು, ಇವು ಅದರ ಲಕ್ಷಣಗಳು. ನಿಜಾಂಶವನ್ನು ತಿಳಿಯಲು ವೈದ್ಯರು ಬೆನ್ನಿನಿಂದ ನೀರು ತೆಗೆಯುತ್ತಾರೆ. ಜರ್ಮನಿಯ ವೈದ್ಯ ಹೈನ್ರಿಖ್ ಕ್ವಿಂಕೆ 1891ರಲ್ಲಿ ಈ ವಿಧಾನವನ್ನು ಪ್ರಚಾರಕ್ಕೆ ತಂದನು. ಸೊಂಟದ ಎರಡು ಮೂಳೆಗಳ ನಡುವೆ ತೆಳ್ಳನೆಯ ಸೂಜಿಯನ್ನು ತೂರಿಸಿ, ಅದಕ್ಕೆ ನಿಲುವಾದ ಕೊಳವೆಯೊಂದನ್ನು ಜೋಡಿಸಿದರೆ ದ್ರವ ಕೊಳವೆಯಲ್ಲಿ ಮೇಲೇರಿ ಒಂದು ಎತ್ತರಕ್ಕೆ ನಿಲ್ಲುತ್ತದೆ. ಒಂದು ಮಗ್ಗುಲಾಗಿ ಮಲಗಿದ ವಯಸ್ಕರಲ್ಲಿ ಈ ಎತ್ತರ ಸಾಮಾನ್ಯವಾಗಿ 200 ಮಿಲಿಮೀಟರಿನೊಳಗೆ ಇರುತ್ತದೆ. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ನೋಡುವ ಮಾನೋಮೀಟರಿಗೂ ಇದಕ್ಕೂ ತತ್ವದಲ್ಲಿ ಭೇದವಿಲ್ಲ. ಬಳಿಕ ಆ ದ್ರವದಲ್ಲಿರುವ ಕಣಗಳನ್ನು ಎಣಿಸಿ, ಪ್ರೋಟೀನು ಮತ್ತು ಗ್ಲೂಕೋಸುಗಳನ್ನು ಅಳೆದು, ಬ್ಯಾಕ್ಟೀರಿಯಗಳು ಬೆಳೆಯುವುವೋ ಎಂದು ಪರೀಕ್ಷಿಸುತ್ತಾರೆ.

ಬ್ಯಾಕ್ಟೀರಿಯಗಳಿಂದ ಉಂಟಾದ ಉರಿಯೂತದಲ್ಲಿ ನ್ಯೂಟ್ರೊಫಿಲ್ ಎಂಬ ಜಾತಿಯ ಬಿಳಿಯ ಕಣಗಳು ನೂರು ಸಾವಿರಗಳ ಲೆಕ್ಕದಲ್ಲಿ ಕಾಣುತ್ತವೆ, ಪ್ರೋಟೀನು ಏರುತ್ತದೆ, ಗ್ಲೂಕೋಸು ಸಾಮಾನ್ಯವಾಗಿ ಇಳಿಯುತ್ತದೆ. ಇದು ಗಂಟೆಗಳ ಲೆಕ್ಕದಲ್ಲಿ ಪ್ರಾಣವನ್ನು ಅಪಹರಿಸಬಲ್ಲ ರೋಗ. ಕೆಲವು ಸಲ ದ್ರವದಲ್ಲಿ ಕಣಗಳು ತುಂಬಿದ್ದರೂ ಯಾವ ಬ್ಯಾಕ್ಟೀರಿಯವೂ ಬೆಳೆಯುವುದಿಲ್ಲ. ಸ್ವೀಡನ್ ದೇಶದ ಮಕ್ಕಳ ವೈದ್ಯ ಆರ್ವಿಡ್ ವಾಲ್‌ಗ್ರೆನ್ 1925ರಲ್ಲಿ ಇಂತಹ ರೋಗಿಗಳನ್ನು ಬೇರೆಯಾಗಿ ವಿಂಗಡಿಸಿ ಅವರ ಬೇನೆಯನ್ನು ‘ಅಸೆಪ್ಟಿಕ್’ ಮೆನಿಂಜೈಟಿಸ್ ಎಂದು ಕರೆದನು. ಅಂಥವುಗಳಲ್ಲಿ ಬಹುಪಾಲು ವೈರಸುಗಳಿಂದ ಬರುವುವೆಂದು ಮುಂದೆ ತಿಳಿದುಬಂದಿತು. ವೈರಸೂ ಇಲ್ಲದ, ಔಷಧವೇ ಕಾರಣವಾದ ಕೆಲವೇ ಕೆಲವು ಪ್ರಸಂಗಗಳು ಈ ಗುಂಪಿನ ಒಂದು ಮೂಲೆಯಲ್ಲಿ ಅಡಗಿದ್ದುವು.

ಇಲ್ಲಿ ಚರಿತ್ರೆಯ ಕಡೆಗೆ ಸ್ವಲ್ಪ ತಿರುಗಬೇಕು. ಜರ್ಮನಿಯ ಗೆರ್ಹಾರ್ಡ್ ಡೋಮಾಕ್ 1935ರಲ್ಲಿ ಪ್ರಾಂಟೊಸಿಲ್ ಎಂಬ ಕೆಂಪು ಬಣ್ಣದ ವಸ್ತುವಿನ ರೋಗನಾಶಕ ಗುಣವನ್ನು ಪ್ರಕಟಿಸಿದನು. ಸಲ್ಫಾ ಔಷಧಗಳ ಯುಗ ಅಲ್ಲಿಂದ ಆರಂಭವಾಯಿತು. 1937ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯರು ಮೆನಿಂಗೊಕಾಕಸ್ ಬ್ಯಾಕ್ಟೀರಿಯದಿಂದಾದ ಮಿದುಳುಪೊರೆಯ ಉರಿಯೂತಕ್ಕೆ ಸಲ್ಫಾನಿಲಮೈಡನ್ನು ಪ್ರಯೋಗಿಸಿ ಅದ್ಭುತವಾದ ಫಲವನ್ನು ಕಂಡರು. ಅಲ್ಲಿಯವರೆಗೆ ಕುದುರೆಯ ರಕ್ತದಿಂದ ತೆಗೆದ ಸೀರಮಿನ ಹೊರತು ಈ ರೋಗಕ್ಕೆ ಬೇರೆ ಆಸರೆಯಿರಲಿಲ್ಲ. ಸೂಕ್ಷ್ಮವಾಗಿ ಹೇಳುವುದಾದರೆ ಸಲ್ಫಾ ಔಷಧಗಳು ಪೆನಿಸಿಲಿನ್ನಿನಂತೆ ಬೂಷ್ಟಿನಿಂದ ದೊರೆತವುಗಳಲ್ಲ, ರಸಾಯನಶಾಲೆಯಲ್ಲಿ ಕಟ್ಟಿದವು. ಆದರೂ ಆಂಟಿಬಯಾಟಿಕ್ ಎಂಬ ಹೆಸರನ್ನು ಇಂದು ಎರಡಕ್ಕೂ ಬಳಸುವುದು ರೂಢಿಯಾಗಿದೆ; ಈ ಲೇಖನದಲ್ಲಿಯೂ ಹಾಗೆಯೇ ಬಳಸಿದೆ.

ಬ್ಯಾಕ್ಟೀರಿಯವು ಫೋಲಿಕ್ ಆಮ್ಲವನ್ನು ತಾನೇ ತಯಾರಿಸಿಕೊಂಡು ಬದುಕಬೇಕು. ಸಲ್ಫಾ ಔಷಧ ಆ ತಯಾರಿಕೆಯ ಒಂದು ಮೆಟ್ಟಿಲನ್ನು ಮುರಿಯುತ್ತದೆ. ಜಾರ್ಜ್ ಹಿಚಿಂಗ್ಸ್, ಗರ್ಟ್ರೂಡ್ ಎಲಿಯನ್ ಮೊದಲಾದವರ ಸಂಶೋಧನೆಯ ಫಲವಾದ ಟ್ರೈಮೆಥೊಪ್ರಿಮ್ ಮುಂದಿನ ಮೆಟ್ಟಿಲನ್ನು ಮುರಿಯುತ್ತದೆ. ಎರಡನ್ನೂ ಒಂದೇ ಮಾತ್ರೆಯಲ್ಲಿ, 400 ಮಿಲಿಗ್ರಾಮ್ ಸಲ್ಫಾಮೆಥಾಕ್ಸಜೋಲಿಗೆ 80 ಮಿಲಿಗ್ರಾಮ್ ಟ್ರೈಮೆಥೊಪ್ರಿಮಿನಂತೆ ಬೆರೆಸಿ 1960ರ ದಶಕದ ಕೊನೆಯಲ್ಲಿ ಬಳಕೆಗೆ ತಂದರು. ಇದೇ ಕೋ-ಟ್ರೈಮಾಕ್ಸಜೋಲ್. ಬ್ಯಾಕ್ಟ್ರಿಮ್, ಸೆಪ್ಟ್ರಾನ್ ಎಂಬ ವ್ಯಾಪಾರನಾಮಗಳಲ್ಲಿ ಇದನ್ನು ಬಹುಮಂದಿ ಬಲ್ಲರು. ಮೂತ್ರಕೋಶದ ಸೋಂಕಿಗೂ, ಎಚ್.ಐ.ವಿ. ಪೀಡಿತರನ್ನು ಕಾಡುವ ಒಂದು ಬಗೆಯ ಶ್ವಾಸಕೋಶದ ರೋಗಕ್ಕೂ ಇದು ಮಹೋಪಕಾರಿ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಾವಶ್ಯಕ ಔಷಧಗಳ ಪಟ್ಟಿಯಲ್ಲಿ ಇದಕ್ಕೆ ಸ್ಥಾನವುಂಟು. ಆದಕಾರಣ ಮುಂದೆ ಹೇಳುವುದನ್ನು ಈ ಔಷಧದ ನಿಂದೆಯೆಂದು ಯಾರೂ ಭಾವಿಸಬಾರದು.

1963ರಲ್ಲಿ ಸಲ್ಫಾ ವರ್ಗಕ್ಕೇ ಸೇರಿದ ಸಲ್ಫಾಮೆಥಿಜೋಲ್ ಸೇವನೆಯೊಡನೆ ಮಿದುಳುಪೊರೆಯ ಉರಿಯೂತ ಕಾಣಿಸಿಕೊಂಡ ಪ್ರಸಂಗವೊಂದು ಅಮೆರಿಕದ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. ಎರಡು ದಶಕಗಳ ತರುವಾಯ, 1983ರಲ್ಲಿ, ಅದೇ ಪತ್ರಿಕೆಯಲ್ಲಿ ಕೋ-ಟ್ರೈಮಾಕ್ಸಜೋಲಿನಿಂದ ಹೀಗಾದುದು ವರದಿಯಾಯಿತು. ಮರುವರ್ಷವೇ ಸಲ್ಫಾ ಅಂಶವಿಲ್ಲದ ಬರಿಯ ಟ್ರೈಮೆಥೊಪ್ರಿಮ್ ಕೂಡ ಇದನ್ನು ಉಂಟುಮಾಡಬಲ್ಲುದೆಂದು ತಿಳಿಯಿತು. ಅಮಾಕ್ಸಿಸಿಲಿನ್ ಮೊದಲಾದ ಇತರ ಆಂಟಿಬಯಾಟಿಕ್ಕುಗಳೂ ಕ್ರಮೇಣ ಈ ಪಟ್ಟಿಗೆ ಸೇರಿದುವು. ಆಂಟಿಬಯಾಟಿಕ್ಕುಗಳಷ್ಟೇ ಅಲ್ಲ, ನೋವು ನಿವಾರಕವಾದ ಐಬುಪ್ರೊಫೆನ್ ಕೂಡ, ವಿಶೇಷವಾಗಿ ಲ್ಯೂಪಸ್ ಎಂಬ ವ್ಯಾಧಿಯುಳ್ಳವರಲ್ಲಿ, ಹೀಗೆಯೇ ವರ್ತಿಸಿರುವುದು 1978ರಿಂದ ದಾಖಲೆಯಲ್ಲಿದೆ.

ಈ ಪ್ರಸಂಗಗಳ ಸ್ವರೂಪ ಬಹುಮಟ್ಟಿಗೆ ಒಂದೇ ತೆರನಾಗಿದೆ. ಮಾತ್ರೆಯನ್ನು ಆರಂಭಿಸಿದ ಕೆಲವು ಗಂಟೆಗಳಲ್ಲಿ ಅಥವಾ ಕೆಲವು ದಿನಗಳಲ್ಲಿ ಜ್ವರ, ತಲೆನೋವು, ಕತ್ತಿನ ಬಿಗಿತ ತಲೆದೋರುತ್ತವೆ. ಬೆನ್ನಿನ ನೀರಿನಲ್ಲಿ ನ್ಯೂಟ್ರೊಫಿಲ್ ಕಣಗಳು ನೂರಾರು, ಕೆಲವೊಮ್ಮೆ ಸಾವಿರಕ್ಕೂ ಮಿಗಿಲಾಗಿ ಇರುತ್ತವೆ. ಪ್ರೋಟೀನು ಹೆಚ್ಚಿರುತ್ತದೆ. ಇಷ್ಟನ್ನು ನೋಡಿದ ಯಾವ ವೈದ್ಯನಾದರೂ ಬ್ಯಾಕ್ಟೀರಿಯದ ರೋಗವೆಂದೇ ಶಂಕಿಸುವನು. ಗ್ಲೂಕೋಸು ಮಾತ್ರ ಸಾಮಾನ್ಯವಾಗಿ ಇಳಿದಿರುವುದಿಲ್ಲ, ಬ್ಯಾಕ್ಟೀರಿಯವೂ ಬೆಳೆಯುವುದಿಲ್ಲ. ಆದರೆ ರೋಗಿ ಮೊದಲೇ ಆಂಟಿಬಯಾಟಿಕ್ ಸೇವಿಸಿದ್ದಾನಲ್ಲವೆ? ಔಷಧದ ಬಲದಿಂದ ಬ್ಯಾಕ್ಟೀರಿಯ ಅರ್ಧ ಸತ್ತು, ಅದಕ್ಕಾಗಿ ಬೆಳೆಯದೆ ಹೋಗಿರಬಹುದಲ್ಲವೆ? ಈ ತೊಡಕಿಗೆ ಸುಲಭವಾದ ಪರಿಹಾರವಿಲ್ಲ. ಅರೆಬರೆ ಚಿಕಿತ್ಸೆ ಪಡೆದ ನಿಜವಾದ ರೋಗವೂ ಔಷಧ ತಂದ ಹುಸಿ ರೋಗವೂ ಒಂದೇ ಮುಖವನ್ನು ತೋರುತ್ತವೆ. ಇಂದಿನ ಪಿ.ಸಿ.ಆರ್. ಪರೀಕ್ಷೆ ಬ್ಯಾಕ್ಟೀರಿಯ ವೈರಸುಗಳ ಅನುವಂಶಿಕ ವಸ್ತುವನ್ನು ಹುಡುಕಿ ಬಹಳ ನೆರವಾಗುತ್ತದೆ. ಆದರೆ ಔಷಧವೇ ತಪ್ಪಿತಸ್ಥನೆಂದು ನೇರವಾಗಿ ಬೆರಳು ತೋರಿಸುವ ಪರೀಕ್ಷೆ ಯಾವ ಪ್ರಯೋಗಶಾಲೆಯಲ್ಲಿಯೂ ಇಲ್ಲ. ಉಳಿದೆಲ್ಲ ಕಾರಣಗಳನ್ನು ಒಂದೊಂದಾಗಿ ತಳ್ಳಿಹಾಕಿ, ಕೊನೆಗೆ ಉಳಿದುದನ್ನು ಒಪ್ಪಬೇಕಾಗುತ್ತದೆ.

ಭೌತಶಾಸ್ತ್ರವನ್ನು ಬೋಧಿಸುವವನು ವೈದ್ಯಕೀಯದ ವಿಷಯಕ್ಕೆ ಕೈಹಾಕುವುದಕ್ಕೆ ಇಲ್ಲಿಯೇ ಅವಕಾಶ ದೊರೆಯುತ್ತದೆ. ಒಂದೇ ಮಾಪನಕ್ಕೆ ಅನೇಕ ಕಾರಣಗಳಿರಬಹುದಾದಾಗ ನಿಜವಾದ ಕಾರಣವನ್ನು ಹೇಗೆ ನಿರ್ಣಯಿಸಬೇಕು ಎಂಬುದು ನಮಗೆ ದಿನನಿತ್ಯದ ಪ್ರಶ್ನೆ. ಗೈಗರ್ ಎಣಿಕೆಯಂತ್ರದ ಬಳಿ ಯಾವ ವಿಕಿರಣಶೀಲ ವಸ್ತುವನ್ನು ಇಡದಿದ್ದರೂ ಅದು ಆಗಾಗ ಟಿಕ್ಕೆನ್ನುತ್ತಲೇ ಇರುತ್ತದೆ. ಆಕಾಶದಿಂದ ಬರುವ ವಿಶ್ವಕಿರಣಗಳು, ನೆಲದಲ್ಲಿಯೂ ಗೋಡೆಯಲ್ಲಿಯೂ ಇರುವ ಅಲ್ಪ ವಿಕಿರಣ ಇದಕ್ಕೆ ಕಾರಣ. ಈ ಹಿನ್ನೆಲೆಯ ಎಣಿಕೆಯನ್ನು ಮೊದಲು ತಿಳಿಯದೆ, ಹತ್ತಿರವಿಟ್ಟ ಕಲ್ಲಿನಿಂದಲೇ ಎಲ್ಲ ಸದ್ದೂ ಬಂದಿತೆನ್ನುವುದು ಅವಿವೇಕ. ಹಾಗೆಯೇ, ಲಕ್ಷಾಂತರ ಜನರು ಮಾತ್ರೆಯನ್ನು ಸೇವಿಸುವಾಗ ಅವರಲ್ಲಿ ಕೆಲವರಿಗೆ ಅದೇ ವಾರದಲ್ಲಿ ವೈರಸಿನ ಉರಿಯೂತ ಬರುವುದು ಕೇವಲ ಆಕಸ್ಮಿಕವಾಗಿರಬಹುದು. ಕಾಗೆ ಕುಳಿತುದಕ್ಕೂ ಕೊಂಬೆ ಮುರಿದುದಕ್ಕೂ ಸಂಬಂಧವನ್ನು ಕಲ್ಪಿಸಬಾರದೆಂದು ನಮ್ಮ ಹಿರಿಯರು ಎಚ್ಚರಿಸಿರುವುದು ಇದನ್ನೇ. ಆದರೆ ಅದೇ ಕೊಂಬೆ ಕಾಗೆ ಕುಳಿತಾಗಲೆಲ್ಲ ಬಾಗಿ, ಹಾರಿದಾಗಲೆಲ್ಲ ನೆಟ್ಟಗಾದರೆ ಆಗ ಕಾಗೆಯನ್ನು ಸಂಶಯಿಸದಿರುವುದೂ ಅವಿವೇಕವೇ.

ಇನ್ನೊಂದು ಕಷ್ಟ ಸಂಖ್ಯೆಗೆ ಸಂಬಂಧಪಟ್ಟುದು. ಹೊಸ ಔಷಧವನ್ನು ಮಾರುಕಟ್ಟೆಗೆ ಬಿಡುವ ಮುನ್ನ ಜನರ ಮೇಲೆ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ 3,000 ಜನರು ಭಾಗವಹಿಸಿದರೆಂದು ಇಟ್ಟುಕೊಳ್ಳೋಣ. ಆ ಔಷಧ 10,000 ಜನರಲ್ಲಿ ಒಬ್ಬರಿಗೆ ಒಂದು ಉಪದ್ರವವನ್ನು ತರುವುದೆಂದೂ ಊಹಿಸೋಣ. ಆ 3,000 ಜನರಲ್ಲಿ ಒಬ್ಬರಿಗೂ ಆ ಉಪದ್ರವ ಕಾಣಿಸದೆ ಹೋಗುವ ಸಂಭವವೆಷ್ಟು? ಒಬ್ಬರಿಗೆ ಆಗದಿರುವ ಸಂಭವ 0.9999. ಇದನ್ನು 3,000 ಸಲ ಗುಣಿಸಿಕೊಂಡು ಹೋದರೆ ಸುಮಾರು 0.74 ಬರುತ್ತದೆ. ಎಂದರೆ ನೂರಕ್ಕೆ ಎಪ್ಪತ್ತನಾಲ್ಕು ಪಾಲು, ಪರೀಕ್ಷೆ ಮುಗಿದ ಮೇಲೆಯೂ ಆ ದೋಷ ಬೆಳಕಿಗೆ ಬಂದಿರುವುದಿಲ್ಲ. ಒಂದಾದರೂ ಪ್ರಸಂಗವನ್ನು ಕಾಣುವ ಭರವಸೆ ನೂರಕ್ಕೆ ತೊಂಬತ್ತೈದರಷ್ಟು ಬೇಕಾದರೆ 30,000 ಜನರ ಮೇಲೆ ಪರೀಕ್ಷೆ ನಡೆಯಬೇಕು. ಸಂಖ್ಯಾಶಾಸ್ತ್ರಜ್ಞರು ಇದನ್ನು ಮೂರರ ಸೂತ್ರವೆನ್ನುತ್ತಾರೆ: ನೋಡಿದ ಜನರ ಸಂಖ್ಯೆಯಿಂದ ಮೂರನ್ನು ಭಾಗಿಸಿದರೆ, ಆ ಪರೀಕ್ಷೆಯ ಕಣ್ಣಿಗೆ ಬೀಳದೆ ಅಡಗಿರಬಹುದಾದ ಅಪಾಯದ ಮೇಲ್ಮಿತಿ ದೊರೆಯುತ್ತದೆ. ಈ ಲೆಕ್ಕದಲ್ಲಿ ಯಾರ ವಂಚನೆಯೂ ಇಲ್ಲ, ಅಲಕ್ಷ್ಯವೂ ಇಲ್ಲ. ವಿರಳವಾದುದು ಚಿಕ್ಕ ಬಲೆಗೆ ಸಿಕ್ಕದೆಂಬುದು ಗಣಿತದ ನಿಯಮ. ಆದುದರಿಂದ ಔಷಧದ ಪರೀಕ್ಷೆ ಅದು ಅಂಗಡಿಗೆ ಬಂದ ದಿನ ಮುಗಿಯುವುದಿಲ್ಲ. ದೊಡ್ಡ ಪರೀಕ್ಷೆ ಅಂದು ಪ್ರಾರಂಭವಾಗುತ್ತದೆ. ಅದನ್ನು ನುಂಗುವ ಪ್ರತಿಯೊಬ್ಬರೂ, ತಿಳಿದೋ ತಿಳಿಯದೆಯೋ, ಅದರಲ್ಲಿ ಭಾಗಿಗಳು.

ಇದಕ್ಕೆ ಉತ್ತಮ ನಿದರ್ಶನ ಲ್ಯಾಮೊಟ್ರಿಜಿನ್. ಇದು ಆಂಟಿಬಯಾಟಿಕ್ ಅಲ್ಲ, ಅಪಸ್ಮಾರಕ್ಕೆ ಕೊಡುವ ಮಾತ್ರೆ. ಆದರೂ ಉಂಟುಮಾಡುವ ಉರಿಯೂತ ಇದೇ ತೆರನಾದುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2010ರ ಆಗಸ್ಟಿನಲ್ಲಿ ಒಂದು ಎಚ್ಚರಿಕೆಯನ್ನು ಹೊರಡಿಸಿತು. 1994ರ ಡಿಸೆಂಬರಿನಿಂದ 2009ರ ನವೆಂಬರಿನವರೆಗೆ ಆ ಔಷಧಕ್ಕಾಗಿ 4 ಕೋಟಿ 60 ಲಕ್ಷ ಚೀಟಿಗಳು ಬರೆಯಲ್ಪಟ್ಟಿದ್ದುವು. ಮಿದುಳುಪೊರೆಯ ಉರಿಯೂತದ 40 ಪ್ರಸಂಗಗಳು ವರದಿಯಾಗಿದ್ದುವು. ಹದಿನೈದು ವರ್ಷಗಳಲ್ಲಿ ನಲವತ್ತು! ಹುಲ್ಲುಬಣವೆಯಲ್ಲಿ ಸೂಜಿಯನ್ನು ಹುಡುಕುವ ಕೆಲಸವೆಂದರೆ ಇದೇ. ಆ ನಲವತ್ತರಲ್ಲಿ ಹದಿನೈದು ಮಂದಿ ಔಷಧವನ್ನು ನಿಲ್ಲಿಸಿ ಚೇತರಿಸಿಕೊಂಡ ಮೇಲೆ ಮತ್ತೆ ಅದನ್ನೇ ಸೇವಿಸಿದ್ದರು. ಅವರಲ್ಲಿ ಲಕ್ಷಣಗಳು ಶೀಘ್ರವಾಗಿ ಮರುಕಳಿಸಿದುವು. ಮೊದಲ ಸಲ ಲಕ್ಷಣಗಳು ತೋರಲು ಸರಾಸರಿ ಹದಿನಾರು ದಿನ ಹಿಡಿದಿದ್ದರೆ, ಎರಡನೆಯ ಸಲ ಅರ್ಧ ಗಂಟೆಯಿಂದ ಒಂದು ದಿನದೊಳಗೆ ಅವು ಮರಳಿದುವು. ದೇಹದ ರಕ್ಷಣಾವ್ಯವಸ್ಥೆ ಹಿಂದಿನ ಭೇಟಿಯನ್ನು ನೆನಪಿಟ್ಟುಕೊಂಡಿರುವುದರ ಗುರುತಿದು. ಈ ವಿಕ್ರಿಯೆ ಔಷಧದ ವಿಷಗುಣದಿಂದ ಬಂದುದಕ್ಕಿಂತ, ಕೆಲವರ ದೇಹ ಅದನ್ನು ವೈರಿಯೆಂದು ಬಗೆದುದರಿಂದ ಬಂದುದೆಂಬ ಅಭಿಪ್ರಾಯಕ್ಕೆ ಇದೇ ಮುಖ್ಯವಾದ ಆಧಾರ. ಕೋ-ಟ್ರೈಮಾಕ್ಸಜೋಲಿನ ವಿಷಯದಲ್ಲಿಯೂ ಎರಡನೆಯ ಸಲದ ವೇಗ ಹೀಗೆಯೇ ಹೆಚ್ಚು.

ಪ್ರಯೋಗಶಾಲೆಯಲ್ಲಿ ನಾವು ಕಾರಣವನ್ನು ನಿರ್ಣಯಿಸುವುದು ಹೇಗೆ? ಸ್ವಿಚ್ಚನ್ನು ಒತ್ತುತ್ತೇವೆ, ಮುಳ್ಳು ಚಲಿಸುತ್ತದೆ. ಆರಿಸುತ್ತೇವೆ, ಮುಳ್ಳು ಮರಳುತ್ತದೆ. ಮತ್ತೆ ಒತ್ತುತ್ತೇವೆ, ಮತ್ತೆ ಚಲಿಸುತ್ತದೆ. ಈ ಮೂರನೆಯ ಹೆಜ್ಜೆಯ ತರುವಾಯ ಸಂದೇಹಕ್ಕೆ ಎಡೆಯಿರುವುದಿಲ್ಲ. ಕೆನಡಾದ ನರಾಂಜೋ ಮತ್ತು ಸಂಗಡಿಗರು 1981ರಲ್ಲಿ ರಚಿಸಿದ ಹತ್ತು ಪ್ರಶ್ನೆಗಳ ಅಳತೆಗೋಲಿನಲ್ಲಿ ಇದೇ ತರ್ಕ ಅಂಕಗಳ ರೂಪದಲ್ಲಿದೆ. ಔಷಧದ ಅನಂತರ ಉಪದ್ರವ ತೋರಿದರೆ ಎರಡು ಅಂಕ, ನಿಲ್ಲಿಸಿದಾಗ ಇಳಿದರೆ ಒಂದು ಅಂಕ, ಮತ್ತೆ ಕೊಟ್ಟಾಗ ಮರುಕಳಿಸಿದರೆ ಎರಡು ಅಂಕ. ಒಟ್ಟು ಒಂಬತ್ತು ಅಥವಾ ಅದಕ್ಕೂ ಹೆಚ್ಚಾದರೆ ಔಷಧವೇ ಕಾರಣವೆಂಬುದು ನಿಶ್ಚಿತ. ಆದರೆ ಮನುಷ್ಯನ ಮಿದುಳು ಪ್ರಯೋಗಶಾಲೆಯ ಉಪಕರಣವಲ್ಲ. ಬೇಕೆಂದೇ ಮತ್ತೊಮ್ಮೆ ಕೊಟ್ಟು ನೋಡುವುದಕ್ಕೆ ವೈದ್ಯಧರ್ಮ ಒಪ್ಪದು.

ಹಾಗಿದ್ದರೂ ಆ ಮೂರನೆಯ ಹೆಜ್ಜೆ ನಡೆದೇ ನಡೆಯುತ್ತಿದೆ. ವೈದ್ಯಪತ್ರಿಕೆಗಳಲ್ಲಿ ಬಂದ ಪ್ರಸಂಗಗಳನ್ನು ಓದಿದರೆ, ಎಷ್ಟೋ ರೋಗಿಗಳು ಎರಡನೆಯ ಅಥವಾ ಮೂರನೆಯ ಸಲ ಆಸ್ಪತ್ರೆಗೆ ಬಂದಾಗಲೇ ಕಾರಣ ಪತ್ತೆಯಾಗಿರುವುದು ಕಾಣುತ್ತದೆ. ಮೊದಲ ಸಲ ವೈರಸಿನ ರೋಗವೆಂದು ಭಾವಿಸಿ ಮನೆಗೆ ಕಳುಹಿಸಿದ್ದರು. ಮುಂದೊಂದು ದಿನ ಬೇರೆ ಸೋಂಕಿಗೆ ಅದೇ ಮಾತ್ರೆಯನ್ನು ನುಂಗಿದಾಗ ಅದೇ ಯಾತನೆ, ಅದೇ ಸೂಜಿ, ಅದೇ ದಿಗಿಲು. ಯಾರೂ ಉದ್ದೇಶಿಸದ, ಯಾರೂ ಬರೆದಿಡದ ಪ್ರಯೋಗವಿದು. ವಿಜ್ಞಾನದಲ್ಲಿ ಒಂದು ಪ್ರಯೋಗವನ್ನು ಎರಡು ಸಲ ಮಾಡುವುದು ಶ್ಲಾಘ್ಯ. ಆದರೆ ಮೊದಲನೆಯದನ್ನು ಬರೆದಿಡದೆ ಹೋದುದರಿಂದ ಎರಡನೆಯದನ್ನು ಮಾಡಬೇಕಾಗಿ ಬರುವುದು, ಅದೂ ಜೀವಂತ ಮನುಷ್ಯನ ಮೇಲೆ, ಶ್ಲಾಘ್ಯವಲ್ಲ.

ನಮ್ಮ ಊರುಗಳಲ್ಲಿ ಹೀಗೆ ಬರೆದಿಡದೆ ಹೋಗುವುದಕ್ಕೆ ಕಾರಣಗಳು ಬೇಕಾದಷ್ಟಿವೆ. ಜ್ವರ ಬಂದಾಗ ಔಷಧದ ಅಂಗಡಿಗೆ ಹೋಗಿ “ಎರಡು ಹೊತ್ತಿಗೆ ಮಾತ್ರೆ ಕೊಡಿ” ಎಂದು ಕೇಳುವವರು ಹಲವರು. ಅಂಗಡಿಯವನು ಪಟ್ಟಿಯಿಂದ ನಾಲ್ಕು ಮಾತ್ರೆಗಳನ್ನು ಕತ್ತರಿಯಿಂದ ಕತ್ತರಿಸಿ ಕಾಗದದ ಲಕೋಟೆಯಲ್ಲಿ ಹಾಕಿಕೊಡುತ್ತಾನೆ. ಹೆಸರು ಮುದ್ರಿತವಾಗಿದ್ದ ತುಂಡು ಅಂಗಡಿಯಲ್ಲಿಯೇ ಉಳಿಯುತ್ತದೆ; ಹೆಸರಿಲ್ಲದ ಮಾತ್ರೆ ಮನೆಗೆ ಬರುತ್ತದೆ. ಮುಂದೆ ಆಸ್ಪತ್ರೆಯಲ್ಲಿ ಯಾವ ಮಾತ್ರೆ ತೆಗೆದುಕೊಂಡಿರೆಂದು ವೈದ್ಯರು ಕೇಳಿದಾಗ “ಬಿಳಿಯ ದೊಡ್ಡ ಮಾತ್ರೆ” ಎಂಬ ಉತ್ತರಕ್ಕಿಂತ ಹೆಚ್ಚಿನದು ದೊರೆಯುವುದಿಲ್ಲ. ಹೆಸರು ತಿಳಿದಿದ್ದರೂ ಅದು ವ್ಯಾಪಾರನಾಮವಾಗಿರುತ್ತದೆ. ಸೆಪ್ಟ್ರಾನ್ ಒಗ್ಗದೆಂದು ಅರಿತವರು, ಬ್ಯಾಕ್ಟ್ರಿಮ್ ಎಂಬುದೂ ಅದೇ ವಸ್ತುವೆಂದು ತಿಳಿಯದೆ ನಿಶ್ಚಿಂತೆಯಿಂದ ಅದನ್ನು ನುಂಗಬಹುದು. ಪಟ್ಟಿಯ ಮೇಲೆ ಚಿಕ್ಕ ಅಕ್ಷರಗಳಲ್ಲಿರುವ ಮೂಲನಾಮವನ್ನು ಓದುವ ಅಭ್ಯಾಸ ವಿದ್ಯಾವಂತರಲ್ಲಿಯೂ ಇಲ್ಲ. ಆಂಟಿಬಯಾಟಿಕ್ಕುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಕಾನೂನು ನಮ್ಮಲ್ಲಿದೆ. ಚೀಟಿಯೆಂಬುದು ಸರ್ಕಾರದ ಕಿರುಕುಳವೆಂದು ಬಗೆಯುವವರು ಒಂದನ್ನು ಯೋಚಿಸಬೇಕು: ಯಾವ ಔಷಧ, ಯಾವ ದಿನ, ಎಷ್ಟು ಎಂಬುದಕ್ಕೆ ರೋಗಿಯ ಕೈಯಲ್ಲಿ ಉಳಿಯುವ ಲಿಖಿತ ಸಾಕ್ಷ್ಯ ಅದೊಂದೇ.

ಈ ಬಗೆಯ ಲೇಖನಗಳಿಂದ ಜನರು ಹೆದರಿ ಔಷಧವನ್ನೇ ಬಿಟ್ಟಾರೆಂದು ಕೆಲವರು ಆಕ್ಷೇಪಿಸುವರು. ಆ ಆಕ್ಷೇಪಣೆಯಲ್ಲಿ ಹುರುಳಿದೆ. ಲಕ್ಷಾಂತರ ಜನರಿಗೆ ಒಳಿತನ್ನು ಮಾಡಿದ ಔಷಧವನ್ನು ಒಂದು ವಿರಳ ಉಪದ್ರವದ ಕಾರಣದಿಂದ ತೊರೆಯುವುದು ಮೂರ್ಖತನ. ಬ್ಯಾಕ್ಟೀರಿಯದ ಮೆನಿಂಜೈಟಿಸ್ ಎಂಬ ಶಂಕೆ ಬಂದೊಡನೆ ವೈದ್ಯರು ಪರೀಕ್ಷೆಯ ಫಲಕ್ಕೆ ಕಾಯದೆ ಆಂಟಿಬಯಾಟಿಕ್ ಆರಂಭಿಸುತ್ತಾರೆ. ಹಾಗೆ ಮಾಡುವುದೇ ಸರಿ. ಜ್ವರ, ತಲೆನೋವು, ಕತ್ತಿನ ಬಿಗಿತ ಒಟ್ಟಿಗೆ ಕಾಣಿಸಿದಾಗ “ಇದು ಮಾತ್ರೆಯ ಉಪದ್ರವವಿರಬೇಕು” ಎಂದು ಮನೆಯಲ್ಲಿಯೇ ನಿರ್ಣಯಿಸಿ ಕುಳಿತುಕೊಳ್ಳುವುದು ಪ್ರಾಣಾಂತಿಕವಾದೀತು. ಆಗ ಮಾಡಬೇಕಾದುದು ಒಂದೇ: ತಡಮಾಡದೆ ಆಸ್ಪತ್ರೆಗೆ ಹೋಗುವುದು, ಮಾತ್ರೆಯ ಪಟ್ಟಿಯನ್ನೂ ಜೊತೆಯಲ್ಲಿ ಒಯ್ಯುವುದು. ಔಷಧದ ಸಂಬಂಧವಾದ ಉರಿಯೂತವಾಗಿದ್ದರೆ ಅದನ್ನು ನಿಲ್ಲಿಸಿದ ಕೆಲವೇ ದಿನಗಳಲ್ಲಿ ರೋಗಿ ಸಾಮಾನ್ಯವಾಗಿ ಪೂರ್ತಿ ಗುಣಹೊಂದುತ್ತಾನೆ. ಆದರೆ ನಿಲ್ಲಿಸುವ ನಿರ್ಧಾರ ವೈದ್ಯರದು. ಇಷ್ಟನ್ನು ಸ್ಪಷ್ಟವಾಗಿ ಹೇಳಿದ ಮೇಲೆಯೂ ಸತ್ಯವನ್ನು ಮುಚ್ಚಿಡಬೇಕೆಂಬುದನ್ನು ನಾನು ಒಪ್ಪಲಾರೆ. ಅರೆತಿಳಿವಿನಿಂದ ಭಯ ಹುಟ್ಟುತ್ತದೆ. ಪ್ರಮಾಣವನ್ನು ತಿಳಿಸಿದರೆ ಭಯ ತನ್ನ ಮೇರೆಯೊಳಗೆ ನಿಲ್ಲುತ್ತದೆ.

ಇದೆಲ್ಲ ವೈದ್ಯರ ಕೆಲಸ, ವಿದ್ಯಾರ್ಥಿಗಳಿಗೇಕೆ ಎಂಬುದು ಇನ್ನೊಂದು ಆಕ್ಷೇಪಣೆ. ಇದಕ್ಕೆ ಚರಿತ್ರೆಯೇ ಉತ್ತರ ಹೇಳುತ್ತದೆ. ಗರ್ಭಿಣಿಯರ ವಾಕರಿಕೆಗೆ ಕೊಡುತ್ತಿದ್ದ ಥಾಲಿಡೊಮೈಡ್ ಸಾವಿರಾರು ಶಿಶುಗಳ ಕೈಕಾಲುಗಳನ್ನು ವಿಕಲಗೊಳಿಸಿದುದು 1961ರಲ್ಲಿ ಬಯಲಾಯಿತು. ಆಸ್ಟ್ರೇಲಿಯದ ಒಬ್ಬ, ಜರ್ಮನಿಯ ಒಬ್ಬ, ಹೀಗೆ ತಮ್ಮ ಕಣ್ಣೆದುರಿನ ಕೆಲವೇ ಪ್ರಸಂಗಗಳನ್ನು ಗಮನಿಸಿ ಬರೆದ ವೈದ್ಯರಿಂದಾಗಿ ಲೋಕ ಎಚ್ಚೆತ್ತಿತು. ಅದರ ಫಲವಾಗಿ ಬ್ರಿಟನ್ 1964ರಲ್ಲಿ ಹಳದಿ ಕಾರ್ಡಿನ ಯೋಜನೆಯನ್ನು ಆರಂಭಿಸಿತು. ಔಷಧದ ಉಪದ್ರವವನ್ನು ಕಂಡ ವೈದ್ಯರು ಆ ಕಾರ್ಡನ್ನು ತುಂಬಿ ಕಳುಹಿಸಬೇಕು. 1968ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂತಾರಾಷ್ಟ್ರೀಯ ಮಟ್ಟದಲ್ಲಿ ಇಂತಹ ವರದಿಗಳನ್ನು ಒಟ್ಟುಗೂಡಿಸತೊಡಗಿತು. ನಮ್ಮ ದೇಶದಲ್ಲಿ 2010ರಿಂದ ಭಾರತ ಔಷಧ ಜಾಗರೂಕತಾ ಕಾರ್ಯಕ್ರಮ ನಡೆಯುತ್ತಿದೆ. ಗಾಜಿಯಾಬಾದಿನಲ್ಲಿರುವ ಭಾರತೀಯ ಔಷಧಕೋಶ ಆಯೋಗ ಅದರ ಕೇಂದ್ರ. ವೈದ್ಯರೇ ಅಲ್ಲದೆ ಔಷಧವನ್ನು ಸೇವಿಸಿದ ಸಾಮಾನ್ಯರೂ ಅಲ್ಲಿಗೆ ವರದಿ ಮಾಡಬಹುದು. ಅದಕ್ಕಾಗಿ 1800-180-3024 ಎಂಬ ಶುಲ್ಕರಹಿತ ದೂರವಾಣಿಯುಂಟು. ಈ ವ್ಯವಸ್ಥೆಯ ಹೆಸರನ್ನು ನಮ್ಮ ಕಾಲೇಜುಗಳಲ್ಲಿ ಎಷ್ಟು ಮಂದಿ ಕೇಳಿದ್ದಾರೆ? ಬಾಗಿಲು ತೆರೆದಿದ್ದರೂ ಅದರ ವಿಳಾಸ ತಿಳಿಯದಿದ್ದರೆ ಮುಚ್ಚಿದ ಬಾಗಿಲಿಗೂ ಅದಕ್ಕೂ ಭೇದವೇನು?

ಒಂದೊಂದು ವರದಿಯಿಂದ ಏನೂ ಸಿದ್ಧವಾಗುವುದಿಲ್ಲ, ಅದು ಬರಿಯ ಸದ್ದು ಎಂದು ಹಳಿಯುವವರಿದ್ದಾರೆ. ಒಂದು ಟಿಕ್ ಶಬ್ದದಿಂದ ಯುರೇನಿಯಮ್ಮಿನ ಇರವು ಸಿದ್ಧವಾಗದೆಂಬುದು ನಿಜ. ಆದರೆ ಟಿಕ್ಕುಗಳನ್ನು ಎಣಿಸದೆ ಅದು ಎಂದಿಗೂ ಸಿದ್ಧವಾಗಲಾರದು. ಲ್ಯಾಮೊಟ್ರಿಜಿನ್ನಿನ ಆ ನಲವತ್ತು ವರದಿಗಳಲ್ಲಿ ಒಂದೊಂದೂ ಬಿಡಿಯಾಗಿ ದುರ್ಬಲವೇ ಆಗಿತ್ತು. ಕೂಡಿದಾಗ ಅವು ಔಷಧದ ವಿವರಣಪತ್ರವನ್ನೇ ಬದಲಿಸಿದುವು. ಹನಿಗೂಡಿ ಹಳ್ಳವಾಗುವುದು ಹೀಗೆ.

ಹಾಗಾದರೆ ಏನು ಮಾಡಬೇಕು? ನನ್ನ ಸೂಚನೆಗಳು ಸರಳವಾದುವು. ಪ್ರತಿಯೊಂದು ಮನೆಯಲ್ಲಿಯೂ ಹಾಲಿನ ಲೆಕ್ಕಕ್ಕೆ ಪುಸ್ತಕವಿರುವಂತೆ ಔಷಧದ ಲೆಕ್ಕಕ್ಕೂ ಒಂದು ಪುಸ್ತಕವಿರಲಿ. ಮನೆಯಲ್ಲಿ ಓದುವ ಹುಡುಗ ಅಥವಾ ಹುಡುಗಿ ಅದನ್ನು ಬರೆಯಲಿ: ಯಾರಿಗೆ, ಯಾವ ದಿನ, ಯಾವ ಔಷಧ, ಅದರ ಮೂಲನಾಮವೇನು, ಆಮೇಲೆ ಏನಾಯಿತು. ಐದು ಅಂಕಣಗಳು ಸಾಕು. ಮಾತ್ರೆಗಳನ್ನು ಕೊಳ್ಳುವಾಗ ಹೆಸರಿರುವ ತುಂಡನ್ನು ಕೇಳಿ ಪಡೆಯಬೇಕು. ಒಮ್ಮೆ ಯಾವುದಾದರೂ ಔಷಧ ಒಗ್ಗದೆಂದು ವೈದ್ಯರು ಹೇಳಿದರೆ, ಅದರ ಮೂಲನಾಮವನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕು. ವೈದ್ಯರ ಮುಂದೆ ಕುಳಿತಾಗ, ಅಂಗಡಿಯಿಂದ ತಾನೇ ತಂದು ನುಂಗಿದ ಮಾತ್ರೆಯನ್ನು ನಾಚಿಕೆಯಿಂದ ಮುಚ್ಚಿಡಬಾರದು. ಔಷಧದ ವಿವರಣಪತ್ರಗಳು ಕನ್ನಡದಲ್ಲಿಯೂ ಇರಬೇಕೆಂದು ಕೇಳುವುದು ಕನ್ನಡಿಗರ ನ್ಯಾಯವಾದ ಹಕ್ಕು; ಅಪಾಯದ ಸೂಚನೆ ಓದಲಾರದ ಭಾಷೆಯಲ್ಲಿದ್ದರೆ ಅದನ್ನು ಸೂಚನೆಯೆನ್ನಲಾಗದು.

ಕಾಲೇಜುಗಳ ಪಾಲಿಗೂ ಒಂದು ಕೆಲಸವುಂಟು. ಸಂಭವಶಾಸ್ತ್ರವನ್ನು ನಾವು ದಾಳಗಳಿಂದಲೂ ಇಸ್ಪೀಟಿನ ಎಲೆಗಳಿಂದಲೂ ಕಲಿಸುತ್ತೇವೆ. ಪರೀಕ್ಷೆ ಮುಗಿದೊಡನೆ ವಿದ್ಯಾರ್ಥಿ ಅದನ್ನು ಮರೆಯುತ್ತಾನೆ, ಏಕೆಂದರೆ ಅವನು ಜೂಜುಗಾರನಾಗುವುದಿಲ್ಲ. ಆದರೆ ಅವನು ರೋಗಿಯಾಗುವುದು, ರೋಗಿಯ ಮಗನೋ ತಂದೆಯೋ ಆಗುವುದು ನಿಶ್ಚಯ. ಮೇಲೆ ಹೇಳಿದ 3,000 ಮತ್ತು 30,000ಗಳ ಲೆಕ್ಕವನ್ನು ಒಂದು ತರಗತಿಯ ಅವಧಿಯಲ್ಲಿ ಕರಿಹಲಗೆಯ ಮೇಲೆ ಮಾಡಿ ತೋರಿಸಬಹುದು. ಅಷ್ಟನ್ನು ತಿಳಿದವನು ಎರಡು ಬಗೆಯ ಮೋಸಗಳಿಂದ ಪಾರಾಗುತ್ತಾನೆ. “ಈ ಔಷಧದಿಂದ ಯಾರಿಗೂ ಏನೂ ಆಗಿಲ್ಲ” ಎನ್ನುವವರನ್ನು “ಎಷ್ಟು ಜನರನ್ನು ನೋಡಿ ಹೇಳುತ್ತೀರಿ?” ಎಂದು ಕೇಳುತ್ತಾನೆ. “ಇಂಗ್ಲಿಷ್ ಔಷಧಗಳೆಲ್ಲ ವಿಷ” ಎನ್ನುವವರನ್ನೂ ಅದೇ ಪ್ರಶ್ನೆಯನ್ನು ಕೇಳುತ್ತಾನೆ.

ಸಲ್ಫಾ ಔಷಧ ಬರುವ ಮುನ್ನ ಮಿದುಳುಪೊರೆಯ ಉರಿಯೂತಕ್ಕೆ ತುತ್ತಾದವರಲ್ಲಿ ಬದುಕಿ ಉಳಿದವರು ಅಲ್ಪ. ಆ ಕಾಲಕ್ಕೆ ಹಿಂದಿರುಗಲು ಯಾರೂ ಬಯಸರು. ಅಷ್ಟು ದೊಡ್ಡ ಉಪಕಾರವನ್ನು ಮಾಡಿದ ಔಷಧವರ್ಗ ಎಲ್ಲಿಯೋ ಕೆಲವರಲ್ಲಿ ಅದೇ ರೋಗದ ವೇಷವನ್ನು ಧರಿಸಿ ಬರುವುದಾದರೆ, ಆ ವೇಷವನ್ನು ಮೊದಲ ಸಲದಲ್ಲಿಯೇ ಗುರುತಿಸುವುದಕ್ಕೆ ಹೊಸ ಯಂತ್ರವಾಗಲಿ ಹೆಚ್ಚಿನ ಹಣವಾಗಲಿ ಬೇಕಿಲ್ಲ. ವೈದ್ಯರು ಕೇಳಬೇಕಾದ ಒಂದು ಪ್ರಶ್ನೆ, ರೋಗಿ ಕೊಡಬೇಕಾದ ಒಂದು ಹೆಸರು, ಇವೆರಡೇ ಸಾಕು. ಪ್ರಶ್ನೆ ಕೇಳುವುದನ್ನು ವೈದ್ಯವಿದ್ಯಾಲಯಗಳು ಕಲಿಸಲಿ. ಹೆಸರನ್ನು ಬರೆದಿಟ್ಟು ಕೊಡುವ ಹೊಣೆ ವಿಜ್ಞಾನವನ್ನು ಓದುತ್ತಿರುವ ನಮ್ಮ ತರುಣ ತರುಣಿಯರದು.